ಹೋಳಿಗೆಯ ಎಷ್ಟನೆಯ ಸಾಲು?

ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅದಕ್ಕೇ ಸಂಬಳ ಎಣಿಸುವ ಪುಣ್ಯ ಮಾತ್ರ ತುಳಸಿಯ ಗಂಡ ರಘುನಂದನರದು. ನಾಸಿಕದ ಹತ್ತಿರ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಅವರು ಇನ್‌ಸ್ಪೆಕ್ಟರು. ಅವರ ಮುದ್ರೆ ಬೀಳದೆ ಒಂದು ಬೋಲ್ಟೂ ಮುಂದೆ ಸರಿಯುವಂತಿಲ್ಲ. ವಿಮಾನಕ್ಕೇನೋ ಅದು ಒಳ್ಳೆಯದೇ. ಮನೆಗೆ ಬಂದ ಮೇಲೂ ಅವರ ಡ್ಯೂಟಿ ಮುಗಿಯುತ್ತಿರಲಿಲ್ಲ ಎನ್ನುವುದೇ ತಕರಾರು. ಸಾರಿರಲಿ, ಪಲ್ಯವಿರಲಿ, ಇಸ್ತ್ರಿ ಮಾಡಿದ ಅಂಗಿಯಿರಲಿ, ಒಂದೇ ಮಾತು: "ಸರಿ ಇಲ್ಲ." ಏನು ಸರಿ ಇಲ್ಲವೆಂದು ಕೇಳಿದರೆ, "ಅಷ್ಟೂ ತಿಳಿಯೂದಿಲ್ಲೇನು ನಿನಗ?"

ಅಂಥದ್ದರಲ್ಲಿ ತುಳಸಿಗೊಂದು ಆಸೆ ಹುಟ್ಟಿತ್ತು. ನಾಸಿಕದ ಮಿಠಾಯಿ ಅಂಗಡಿಯವರೊಬ್ಬರು ಯಾರದೋ ಮದುವೆಯಲ್ಲಿ ಅವಳ ಶೇಂಗಾ ಹೋಳಿಗೆ ತಿಂದು, "ವೈನಿ, ಒಂದು ಡಬ್ಬಿ ಮಾದರಿ ಕಳಿಸಿ, ನಮ್ಮಲ್ಲಿ ಮಾರುತ್ತೇವೆ" ಎಂದಿದ್ದರು. ತನ್ನ ಕೈಯಡುಗೆ ಗಾಜಿನ ಕಪಾಟಿನಲ್ಲಿ ಕೂರುವುದನ್ನು ನೆನೆದರೇ ಅವಳಿಗೆ ಹಿಗ್ಗು. ಆದರೆ ಗಂಡ ಹೂಂ ಅನ್ನದೆ ಡಬ್ಬಿ ಹೊಸ್ತಿಲು ದಾಟಿಸಲು ಧೈರ್ಯವಿಲ್ಲ. ಮಾಡಿದಾಗಲೆಲ್ಲ ಅವರು ಚೂರು ಮುರಿದು ಬಾಯಿಗೆ ಹಾಕಿ "ಸರಿ ಇಲ್ಲ" ಎನ್ನುವರು. ಅವಳು ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ನೆರೆಮನೆಗಳಿಗೆ ಹಂಚುವಳು. ರಘುನಂದನರ ನಾಲಗೆ ನೂರು ಕಾಲ ಬಾಳಲಿ ಎಂದು ನೆರೆಯವರು ಹರಸುತ್ತಿದ್ದರು.

ಇಷ್ಟರಲ್ಲಿ ಕಾರ್ಖಾನೆಯಿಂದ ಆದೇಶ ಬಂತು. ಇನ್‌ಸ್ಪೆಕ್ಟರುಗಳೆಲ್ಲ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಬೇಕು, ಔರಂಗಾಬಾದಿಗೆ ಹೋಗಿ ಪರೀಕ್ಷೆ ಕೊಡಬೇಕು. ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಭಾರ್ಗವಿ ಅಪ್ಪನಿಗೆ ಗುರುವಾದಳು.

"ಅಪ್ಪಾ, ಇದು ವೇರಿಯಬಲ್. ಬೆಲ್ಲ ಅಂತ ಹೆಸರು ಬರೀರಿ, ಈಕ್ವಲ್ ಹಾಕಿ ಎರಡು ಅನ್ರಿ. ಇನ್ನ ಬೆಲ್ಲ ಅಂದ್ರ ಎರಡು. ನಾಳೆ ಅದಕ್ಕ ಐದು ಅಂದ್ರ ಐದು."

"ಹಂಗೆಂಗ? ಯಾರ ಪರ್ಮಿಶನ್ ತಗೊಂಡು ಬದಲಿ ಮಾಡೂದು?"

"ಯಾರ್ದೂ ಬ್ಯಾಡ. ಬರೀರಿ ಮೊದಲ."

ರಘುನಂದನರು ಬರೆದು ಕಾದರು. ಪರದೆ ತುಟಿಪಿಟಕ್ಕೆನ್ನಲಿಲ್ಲ. "ಏನೂ ಅನ್ನವಲ್ದಲ್ಲ ಇದು!"

"ಬರೋಬರ್ ಇದ್ರ ಅದು ಸುಮ್ನಿರ್ತದ, ಅಪ್ಪಾ. ತಪ್ಪಿದ್ರಷ್ಟ ಮಾತಾಡ್ತದ."

ಅದು ಮಾತಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಲಿನ ಕೊನೆಗೆ ಹಾಕಬೇಕಾದ ಎರಡು ಚುಕ್ಕೆಗಳನ್ನು ರಘುನಂದನರು ಮರೆತಿದ್ದರು. ಪರದೆಯ ಮೇಲೆ ಕೆಂಪಕ್ಷರ ಎದ್ದವು: ಮೂರನೆಯ ಸಾಲಿನಲ್ಲಿ ತಪ್ಪು. ಎಲ್ಲಿ ಎಂದು ತೋರಿಸಲು ಕೆಳಗೊಂದು ಪುಟ್ಟ ಬಾಣದ ಗುರುತು ಬೇರೆ.

ಜನ್ಮವಿಡೀ ಕೆಂಪು ಶಾಯಿಯಲ್ಲಿ ಊರವರ ತಪ್ಪು ಬರೆದವರು ಇಂಗು ತಿಂದ ಮಂಗನಂತೆ ಕೂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಳಸಿಗೆ, ಸುಳ್ಳೇಕೆ, ಬಹಳ ಖುಷಿಯಾಯಿತು. ಆದರೆ ಬಾಣ ತೋರಿದಲ್ಲಿ ಅವರು ಚುಕ್ಕೆ ಇಟ್ಟರು, ಯಂತ್ರ ಒಪ್ಪಿತು. ಅದನ್ನು ಕಂಡು ಅವಳ ಹೊಟ್ಟೆ ಉರಿಯಿತು. ತಪ್ಪು ಎಲ್ಲಿದೆಯೆಂದು ತೋರಿಸಿದರೆ ಇಷ್ಟು ಬೇಗ ತಿದ್ದಬಹುದೇ? ಇಷ್ಟು ವರ್ಷ ತನಗೆ ಯಾರು ತೋರಿಸಿದ್ದರು?

ರಘುನಂದನರು ಪರೀಕ್ಷೆ ಪಾಸಾಗಿ ಔರಂಗಾಬಾದಿನಿಂದ ಬಂದ ದಿನವೇ ಅಂಗಡಿಯವರ ಫೋನು ಬಂತು. ಸಂಜೆಯೊಳಗೆ ಮಾದರಿ ಬಾರದಿದ್ದರೆ ಅವರು ಬೇರೆಯವರನ್ನು ನೋಡಿಕೊಳ್ಳುವರಂತೆ. ತುಳಸಿ ಹೋಳಿಗೆ ಬೇಯಿಸಿ ಡಬ್ಬಿ ತುಂಬಿ ಗಂಡನ ಮುಂದಿಟ್ಟಳು. ಅವರು ಚೂರು ಮುರಿದರು, ಬಾಯಿಗೆ ಹಾಕಿದರು.

"ಸರಿ ಇಲ್ಲ."

"ಎಷ್ಟನೇ ಸಾಲಿನ್ಯಾಗ್ರಿ?"

"ಏನು?"

"ತಪ್ಪು ಎಲ್ಲಿ ಅದರೀ? ಬೆಲ್ಲದಾಗೋ, ಶೇಂಗಾದಾಗೋ, ಬೇಯಿಸಿದ್ರಾಗೋ? ಆ ಮಷಿನ್ ನಿಮಗ ಹೇಳ್ತಿತ್ತಲ್ಲ, ಹಂಗ ಹೇಳ್ರಿ. ತಿದ್ದತೀನಿ."

ಈ ಮನೆಯಲ್ಲಿ ಹೀಗೆ ಬಿಡಿಸಿ ಬಿಡಿಸಿ ಕೇಳಿದ್ದು ಇದೇ ಮೊದಲು. ರಘುನಂದನರು ತಪ್ಪು ಹುಡುಕಲೆಂದು ಇನ್ನೊಂದು ಚೂರು ಮುರಿದರು. ಬೆಲ್ಲ ಹದವಾಗಿತ್ತು. ಶೇಂಗಾ ಘಮ್ಮೆನ್ನುತ್ತಿತ್ತು. ಒಂದು ಹೋಳಿಗೆ ಮುಗಿಯಿತು, ಎರಡನೆಯದೂ ಮುಗಿಯಿತು.

ತುಳಸಿ ಡಬ್ಬಿಯ ಮುಚ್ಚಳ ಒತ್ತಿದಳು. "ಭಾರ್ಗವಿ, ಸ್ಕೂಟಿ ತಗೀ. ಅಂಗಡಿಗೆ ಹೋಗೂಣು."

"ಆದ್ರ ಅವ್ವಾ, ಅಪ್ಪ ಇನ್ನೂ ಏನೂ ಅಂದಿಲ್ಲಲ್ಲ?"

"ಬರೋಬರ್ ಇದ್ರ ಸುಮ್ನಿರ್ತಾರ" ಎಂದು ತುಳಸಿ, ಮೂರನೆಯ ಹೋಳಿಗೆಗೆ ಕೈ ಚಾಚಿದ್ದ ಗಂಡನ ಮುಂದಿನಿಂದ ಡಬ್ಬಿ ಎತ್ತಿಕೊಂಡು ಹೊರಟಳು.