ಒಂಬತ್ತನೇ ದಿನದ ಸ್ಲ್ಯಾಬು

"ಏ ಹುಡಿಗಿ, ಹಂಗ ಸೆಟದು ನಿಂದ್ರಬ್ಯಾಡ! ಚೆಕ್ ತಗೊಂಡ ಕೂಡ್ಲೆ ಸಾವ್ಕಾರ್ರ ಕಾಲಿಗೆ ಬೀಳಬೇಕು. ಕುಡುಕನ ಮಗಳಿಗೆ ಅಷ್ಟೂ ತಿಳಿಯಂಗಿಲ್ಲೇನು?"

ಹೊಸಪೇಟೆಯ ಸಭಾಭವನದಲ್ಲಿ ವೇದಿಕೆಯ ಹಿಂದೆ ಮ್ಯಾನೇಜರ್ ಭವ್ಯಳಿಗೆ ಬುದ್ಧಿ ಹೇಳುತ್ತಿದ್ದ. ವಿಶ್ವವಿದ್ಯಾಲಯದಲ್ಲಿ ಓದುವ ಬಡಮಕ್ಕಳಿಗೆ ಕಟ್ಟಡ ಕಂಟ್ರಾಕ್ಟರ್ ತಿಪ್ಪೇಶ ಕೊಡುವ ವಿದ್ಯಾರ್ಥಿವೇತನದ ಸಮಾರಂಭ. ನಾನು ಹಾರಗಳ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಕುಡುಕ ಅಂದದ್ದು ಕಾಳಪ್ಪನನ್ನು. ಸ್ಲ್ಯಾಬಿನ ಅಡಿಗೆ ಕಂಬ, ಶೀಟು ಕಟ್ಟಿ ಬಿಚ್ಚುವ ನನ್ನ ಸೆಂಟ್ರಿಂಗ್ ಗ್ಯಾಂಗಿನವನು, ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದವನು. ಎರಡು ವರ್ಷದ ಹಿಂದೆ ಯಶವಂತನಗರದಲ್ಲಿ ತಿಪ್ಪೇಶ ಕಟ್ಟಿಸುತ್ತಿದ್ದ ಗಣಿಯವರ ಗೆಸ್ಟ್‌ಹೌಸಿನ ಸ್ಲ್ಯಾಬು ಬಿದ್ದು ಸತ್ತ. ಕುಡಿದು ತಾನೇ ಆಸರೆ ಕಂಬ ಕಿತ್ತ ಅಂತ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದವನು ನಾನು, ಅವನ ಮೇಸ್ತ್ರಿ ಹೊನ್ನೂರಪ್ಪ.

ನಮ್ಮ ಕಸುಬಿನವರು ಯಾರೂ ಅದನ್ನು ನಂಬಲಿಲ್ಲ. ಕಂಬ ಬಿಚ್ಚುವ ದಿನ ಮೇಸ್ತ್ರಿ ಕಾಯಿ ಒಡೆದು ಮೊದಲ ಏಟು ಹಾಕದೆ ಯಾವನೂ ಕಂಬಕ್ಕೆ ಕೈ ಹಚ್ಚುವುದಿಲ್ಲ. ತಿಪ್ಪೇಶನಿಗೂ ಇದು ಗೊತ್ತು. ಒಂದು ಕಾಲಕ್ಕೆ ನನ್ನ ಜೊತೆ ಬುಟ್ಟಿ ಹೊತ್ತು, ಒಂದೇ ಬೀಡಿ ಸೇದಿದವನು.

ಕಾಳಪ್ಪ ಸತ್ತ ದಿನಕ್ಕೆ ಸ್ಲ್ಯಾಬು ಹಾಕಿ ಒಂಬತ್ತು ದಿನ.

"ಇನ್ನಾ ಹಸಿ ಐತಿ ತಿಪ್ಪೇಶಣ್ಣ. ಇನ್ನಾ ಹತ್ತು ದಿನಾರ ತಡಿ."

"ಶೀಟು ನಾಳಿಗೆ ಸಂಡೂರಿನ ಸ್ಲ್ಯಾಬಿಗೆ ಬೇಕಲೇ ಬೋಳಿಮಗನ! ಹೊಡಿ. ಇಲ್ಲಂದ್ರ ಹೊಡಿಯಾಕ ಬ್ಯಾರೆ ಮೇಸ್ತ್ರಿ ಅದಾನ."

ಹೊಡೆದೆ. ನನ್ನ ಏಟು ನಂಬಿ ಕಾಳಪ್ಪ ಉಳಿದ ಕಂಬ ಬಿಚ್ಚಲು ಸ್ಲ್ಯಾಬಿನ ಅಡಿಗೆ ಹೋದ. ಹೊಟ್ಟೆಪಾಡು ಅಂತ ಎಷ್ಟು ಸಲ ಹೇಳಿಕೊಂಡರೂ ನನಗೆ ನಾನೇ ಅಸಹ್ಯ.

ಈ ಸಭೆ ಶುರುವಾಗುವ ಮುಂಚೆ ಕಾಳಪ್ಪನ ಹೆಂಡತಿ ಎರ್ರೆಮ್ಮ ನನ್ನನ್ನು ಮೂಲೆಗೆ ಕರೆದಳು.

"ಅಣ್ಣ, ನನಗೆಲ್ಲ ಗೊತ್ತೈತಿ. ಆದ್ರ ಇವತ್ತು ಬಾಯಿ ಬಿಡಬ್ಯಾಡ. ಇನ್ನೊಂದು ವರ್ಸ, ಹುಡಿಗಿ ಓದು ಮುಗೀಲಿ."

ಆಯಿತು ಎಂದು ತಲೆಯಾಡಿಸಿದೆ.

ಚೆಕ್ಕು ಕೊಟ್ಟ ಮೇಲೆ ಭವ್ಯ ಮ್ಯಾನೇಜರ್ ಬರೆದುಕೊಟ್ಟ ಚೀಟಿ ಓದತೊಡಗಿದಳು. "ನನ್ನ ತಂದೆ ಕುಡಿದು ಮಾಡಿದ ತಪ್ಪನ್ನು ಮನ್ನಿಸಿ..." ಅಲ್ಲಿಗೆ ನಿಂತಳು. ಮೈಕ್ ಹಿಡಿದೇ ವೇದಿಕೆಯ ಬದಿಗಿದ್ದ ನನ್ನ ಕಡೆ ತಿರುಗಿದಳು.

"ಮಾವ, ನೀ ಅಲ್ಲೇ ಇದ್ದೆಲ್ಲ. ನಮ್ಮಪ್ಪ ಕುಡಿದಿದ್ನೇನು?"

ಕೆಳಗೆ ಎರ್ರೆಮ್ಮ ಕೈ ಮುಗಿದಳು. ಕುರ್ಚಿಯಲ್ಲಿದ್ದ ತಿಪ್ಪೇಶ ನನ್ನನ್ನು ನೋಡಿ ನಕ್ಕ. ಇವನು ನಮ್ಮವನೇ ಅನ್ನುವ ನಗೆ ಅದು. ಅದನ್ನು ನನ್ನಿಂದ ತಾಳಲಾಗಲಿಲ್ಲ.

"ಇಲ್ಲವ್ವ. ಮೊದ್ಲ ಏಟು ಹಾಕಿದಾವ ನಾನು. ಹೊಡಿ ಅಂದಾವ ಇಲ್ಲಿ ಹಾರ ಹಾಕ್ಕೊಂಡು ಕುಂತಾನ!"

ಮೈಕು ಬಂದ್ ಆಯಿತು. ಭವ್ಯ ಚೆಕ್ಕನ್ನು ಮೇಜಿನ ಮೇಲಿಟ್ಟು ನನ್ನ ಹತ್ತಿರ ಬಂದಳು.

"ಎರಡು ವರ್ಸ ಮನೀಗೆ ಬಂದು ನಮ್ಮವ್ವನ ಕೈಯಾಗ ಚಾ ಕುಡುದ್ಯಲ್ಲೋ ಮಾವ," ಎಂದವಳೇ ಹೊರಗೆ ನಡೆದಳು.

ಅಷ್ಟರಲ್ಲಿ ಎರ್ರೆಮ್ಮ ವೇದಿಕೆ ಹತ್ತಿ ಆ ಚೆಕ್ಕಿಗೆ ಕೈ ಚಾಚಿದ್ದಳು. ತಿಪ್ಪೇಶ ಅದರ ಮೇಲೆ ಅಂಗೈ ಊರಿ ಕೂತಿದ್ದ.