ಮಲಗಿಸದ ಈಳಿಗೆ

ಬೈಕು ನಿಂತಿತು, ಅಂಗಳದ ಕಲ್ಲಿಗೆ ಸ್ಟ್ಯಾಂಡು ಉಜ್ಜಿದ ಸದ್ದು, ದಫೇದಾರರು ಬಂದರು ಅಂತ ಕಾಣುತ್ತದೆ, ಬೂಟು ಬಿಚ್ಚುವುದೋ ಬೇಡವೋ ಎಂದು ಹೊಸಿಲಲ್ಲಿ ಅನುಮಾನಿಸುವ ಕಾಲು, ಬಿಚ್ಬೇಡ್ರಿ ಸಾರ್, ಹಂಗೇ ಬರ್ರಿ, ಇದು ಚನ್ನೇಶನ ದನಿ, ನನ್ನ ಗಂಡನ ದನಿ, ಬೆಲ್ಲ ಸವರಿದ ಈ ದನಿ ಕೇಳಿ ಎಷ್ಟು ಕಾಲವಾಯಿತು — ಮಗೆಕಾಯಿ ಕೈಯಲ್ಲಿ ಜಾರುತ್ತದೆ, ಈಳಿಗೆಮಣೆಯನ್ನು ಮಂಡಿಯಡಿ ಒತ್ತಿ ಕೂತಿದ್ದೇನೆ, ಅಲಗು ನನ್ನ ಎದೆಯ ಕಡೆಗೆ ಕೊಕ್ಕು ಬಗ್ಗಿಸಿ ನಿಂತಿದೆ, ಒತ್ತಿದೆ, ಕಾಯಿ ಎರಡಾಯಿತು, ಬೀಜ ಹೊರಗೆ ಬಿತ್ತು. ಅಡಿಗೆ ಮಾಡ್ತಾ ಕೂತಿರು, ನೋಡಿದೋರಿಗೆ ಹೆಂಡ್ತಿ ಅನ್ನಿಸ್ಬೇಕು, ಬೆಳಿಗ್ಗೆ ಅವನ ಈ ಜಡೆ ಊರಿನಲ್ಲಿ ಬಸ್ಸಿಳಿದ ಕೂಡಲೇ ಅಂದಿದ್ದ. ಹೆಂಡತಿ, ಇವತ್ತೊಂದು ದಿನದ ಮಟ್ಟಿಗೆ. ನಾಳೆ ಮತ್ತೆ ನಾನು ಶಿಕಾರಿಪುರದ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಅನ್ನ ಬೇಯಿಸುವವಳು, ಬಾಡಿಗೆ ಕೋಣೆಯಲ್ಲಿ ಮಗಳು ರಕ್ಷಿತಾಳನ್ನು ತಬ್ಬಿ ಮಲಗುವವಳು. ನಾಳೆಯಿಂದ ತಬ್ಬಿ ಮಲಗುವುದಿಲ್ಲ, ಅದನ್ನು ಈಗ ನೆನೆಯಬಾರದು. ಭಾರತದ ಪೌರತ್ವ ಕೊಡಿ ಎಂದು ಅರ್ಜಿ ಹಾಕಿದ್ದೇನೆ, ಭಾರತದವನ ಹೆಂಡತಿ ಎಂದೇ ಹಾಕಿದ್ದೇನೆ, ಬೇರೆ ದಾರಿ ಇರಲಿಲ್ಲ, ಆದ್ದರಿಂದ ಗಂಡ ಬೇಕು, ಗಂಡನ ಮನೆ ಬೇಕು, ಪೊಲೀಸರು ಬಂದು ಕೇಳಿದಾಗ ಹೌದು, ಇಲ್ಲೇ ಇದ್ದಾಳೆ ಎಂದು ಅವನ ಬಾಯಿಂದಲೇ ಬರಬೇಕು. ನನ್ನ ಹಲ್ಲು ಉದುರಿಸಿದವನೇ ನನ್ನ ಸಂಸಾರಕ್ಕೆ ಸಾಕ್ಷಿ. ಹೇಳ್ತೀನಿ, ಅದಕ್ಕೇನು, ಕಾಗ್ದ ನಿಂಗೆ, ಕೂಸು ನಂಗೆ ಅಂದ. ಹ್ಞೂಂ ಅಂದೆ. ನಾಯಿಯ ಹಾಗೆ ಹ್ಞೂಂ ಅಂದೆ. ಕೂಸು ಇಂಡಿಯಾದ್ದು, ನೀ ನೇಪಾಳದೋಳು, ಯಾವ ಕೋರ್ಟು ನಿಂಗೆ ಕೊಡ್ತದೆ ಎಂದು ವರ್ಷಗಟ್ಟಲೆ ಕಿವಿಗೆ ಕಾಯಿಸಿದ ಎಣ್ಣೆ ಬಿಟ್ಟಿದ್ದಾನೆ, ಮೊದಲು ಕಾಗದ ಬರಲಿ, ಆಮೇಲೆ ಕೋರ್ಟಿಗೆ ಹೋಗಿ ಮಗಳನ್ನು ಕಿತ್ತುಕೊಂಡು ಬರುತ್ತೇನೆ, ಇಷ್ಟೇ ನನ್ನ ಬುದ್ಧಿಗೆ ಹೊಳೆದದ್ದು, ಅವಳ ಬಟ್ಟೆಯ ಚೀಲ ಅಲ್ಲಿ ಮೂಲೆಯಲ್ಲಿದೆ, ನನ್ನ ಚೀಲದ ಪಕ್ಕದಲ್ಲೇ, ಸಂಜೆ ಒಂದು ಚೀಲ ಮಾತ್ರ ಬಸ್ಸು ಹತ್ತಬೇಕು.

ಹೊರಗೆ ಜಗಲಿಯಲ್ಲಿ ದಫೇದಾರರು, ಹೆಂಡ್ತಿ ಹೆಸ್ರು ಏನಂದ್ರಿ? ಗಂಗಾಶ್ರೀ ಸಾರ್. ಇಲ್ಲಿ ಮನ್‌ಮಾಯಾ ಅಂತ ಅದೆಯಲ್ರೀ. ಅದು ತೌರು ಮನಿ ಹೆಸ್ರು ಸಾರ್, ಮದುವೇಲಿ ಬದಲಾಯ್ಸಿದ್ವಿ. ಬದಲಾಯಿಸಿದರು, ಹರಿವಾಣದ ಅಕ್ಕಿಯಲ್ಲಿ ಅವನು ಹೊಸ ಹೆಸರನ್ನು ಉಂಗುರದಿಂದ ಗೀರಿದ, ಎಲ್ಲರೂ ನಕ್ಕರು, ನನಗೆ ಓದಲು ಬರಲಿಲ್ಲ, ನಾನೂ ನಕ್ಕೆ, ಆಗ ಹಲ್ಲೆಲ್ಲ ಇತ್ತು. ಗೋವೆಯ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ, ಅವನು ಲಾರಿಯವನು, ಶುಂಠಿ ಇಳಿಸಿ ಊಟಕ್ಕೆ ಬರುತ್ತಿದ್ದ, ನನ್ನ ಕಡೆ ನೋಡಿ ಎರಡನೇ ಸಲ ಸಾರು ಕೇಳುತ್ತಿದ್ದ. ಈ ಮನೆಯಲ್ಲಿ ನನಗೆ ಗುರುತು ಸಿಕ್ಕ ಒಂದೇ ಒಂದು ವಸ್ತು ಈ ಈಳಿಗೆ, ನಮ್ಮೂರಿನ ಗುಡ್ಡದ ಮನೆಯಲ್ಲೂ ನನ್ನಮ್ಮ, ಆಮಾ, ಇಂಥದ್ದರ ಮುಂದೆಯೇ ಕೂತು ಸೊಪ್ಪು ಹೆಚ್ಚುತ್ತಿದ್ದಳು, ಚುಲೇಸಿ ಎನ್ನುತ್ತೇವೆ, ಮೊದಲ ದಿನ ನೋಡಿ ಅತ್ತುಬಿಟ್ಟೆ, ಅತ್ತೆ ಬೈದರು, ಯಾಕೆ ಅಳ್ತೀಯೇ, ಏಳೋ ಮುಂಚೆ ಮಲಗ್ಸು ಅದನ್ನ, ಮೊಕ ಗೋಡೆ ಕಡಿಗೆ, ನಿಂತ ಈಳಿಗೆ ಮನಿಯೋರ ಕಾಲು ಕೇಳ್ತದೆ. ಅತ್ತೆ ನೀಲಾಂಬಿಕ ನನಗೆ ಕಲಿಸಿದ ಮೊದಲ ಕನ್ನಡ ಅದೇ. ಒಂದು ದಿನವೂ ಮರೆತಿಲ್ಲ, ಹೊಡೆತ ತಿಂದು ಏಳುವಾಗಲೂ ಮಲಗಿಸಿಯೇ ಎದ್ದಿದ್ದೇನೆ.

ಜತಿಗೇ ಇದೀರಾ? ಜತಿಗೇ ಸಾರ್, ಮತ್ತೆಲ್ಲಿಗೆ ಹೋಗ್ತಾಳೆ. ಜಗಳ ಗಿಗಳ? ನಗುತ್ತಾನೆ, ನಗು ಕೇಳಿದರೆ ಬೆನ್ನಿನ ಚರ್ಮ ತಾನಾಗಿ ಬಿಗಿಯುತ್ತದೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವಾ ಸಾರ್. ಆ ರಾತ್ರಿ ಉಂಡೂ ಇರಲಿಲ್ಲ, ತಟ್ಟೆ ಮುಂದಿತ್ತು, ಸಾರಿಗೆ ಉಪ್ಪಿಲ್ಲ ಎಂದ, ಲಾರಿಯ ಹಗ್ಗ ಇಬ್ಬರೂ ಕೂತಲ್ಲಿಗೇ ಬಂತು, ಹಗ್ಗ ಸುಸ್ತಾದ ಮೇಲೆ ಮುಷ್ಟಿ, ಹಲ್ಲು ನನ್ನ ತಟ್ಟೆಯಲ್ಲೇ ಬಿತ್ತು, ಟಣ್ ಅಂದಿತು, ಸಾರು ಕೆಂಪಾಯಿತು, ಈಗ ಉಪ್ಪು ಸಮಾ ಆತು ಅಂದ. ಆಮೇಲೆ ಈ ಎಡಗೈ ಹಿಡಿದು ಎಳೆದು, ಇದೇ ಅಲಗಿನ ಮೇಲೆ ಎರಡು ಬೆರಳು ಇಟ್ಟು ಒತ್ತಿದ, ಮೆಲ್ಲಗೆ, ತರಕಾರಿ ಎಳೆಯದೋ ಬಲಿತದ್ದೋ ನೋಡುವ ಹಾಗೆ, ನೇಪಾಳಕ್ಕೆ ಹೋಗ್ತೀಯಾ, ಹೋಗ್ತೀಯಾ, ಹೋಗಲ್ಲ ಅಂತ ಮೂಳೆಯೇ ಕಿರುಚಿತು. ಬಿಡಿಸಲು ಬಂದ ಅತ್ತೆಯ ಮುಂಗೈಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದ, ಹೆತ್ತ ತಾಯಿಯ ಕೈ, ಸೊರಬದ ಆಸ್ಪತ್ರೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿದೆ ಎಂದರು, ನಾನು ಬೆರಳು ಕೊಯ್ದುಕೊಂಡೆ ಎಂದೆ, ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಸುಳ್ಳು ಹೇಳಿದೆವು. ಆ ಕೈ ಇನ್ನೂ ಸೊಟ್ಟಗೇ ಇದೆ, ಈಗ ಒಲೆಯ ಮುಂದೆ ಆ ಸೊಟ್ಟ ಕೈಯಲ್ಲೇ ಚಹಾ ಸೋಸುತ್ತಿದ್ದಾರೆ, ನನ್ನ ಮುಖ ನೋಡುತ್ತಿಲ್ಲ. ಮಗೆಕಾಯಿಯ ಇನ್ನೊಂದು ಹೋಳು ಎತ್ತಿಕೊಂಡೆ, ಇದು ಅವನ ಕುತ್ತಿಗೆ, ಒತ್ತಿದೆ, ಇದು ಬೆಲ್ಲ ಸವರಿದ ನಾಲಿಗೆ, ಒತ್ತಿದೆ, ಇದು ಅಕ್ಕಿಯಲ್ಲಿ ಹೆಸರು ಗೀರಿದ ಬೆರಳು, ಕೊಲ್ಲಬೇಕು, ಅವನನ್ನು ಕೊಲ್ಲಬೇಕು, ಇಷ್ಟು ಸ್ಪಷ್ಟವಾಗಿ ನಾನು ಯಾವುದನ್ನೂ ಬಯಸಿಲ್ಲ, ಕಾಗದವನ್ನೂ ಇಷ್ಟು ಬಯಸಿಲ್ಲ — ಪುಟ್ಟೀ, ಬಾ ಇಲ್ಲಿ, ಹೆಸ್ರೇನು? ದಫೇದಾರರು ಮಗಳನ್ನು ಕರೆದರು. ರಕ್ಷಿತಾ. ಯಾವ ಕ್ಲಾಸು? ಎರಡನೇ ಕ್ಲಾಸು, ಜಡೆ ಶಾಲೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಲಿಸಿದ ಸುಳ್ಳು, ಶಿರಾಳಕೊಪ್ಪ ದಾಟುವ ಹೊತ್ತಿಗೆ ಬಾಯಿಪಾಠ ಮಾಡಿಕೊಂಡಿದ್ದಳು, ಶಾಣ್ಯಾ ಮಗಳು. ಚಾಕ್ಲೇಟು ಬೇಕಾ? ಆಮೇಲೆ ಅವಳೇ, ಯಾರೂ ಕೇಳದೆ, ಪಾಠ ಒಪ್ಪಿಸುವ ಅದೇ ದನಿಯಲ್ಲಿ, ನಮ್ಮಪ್ಪ ಹೊಡಿಯಲ್ಲ.

ಯಾರೂ ಕೇಳಿರಲಿಲ್ಲ. ನಾನು ಕಲಿಸಿರಲಿಲ್ಲ. ಹೊರಗೆ ಪೆನ್ನು ನಿಂತಿತು, ಅತ್ತೆಯ ಕೈಯಲ್ಲಿ ಸೋಸುವ ಬಟ್ಟೆ ನಿಂತಿತು, ಚನ್ನೇಶ ಕೆಮ್ಮಿದ. ಆಸ್ಪತ್ರೆಯ ಆ ಬೆಂಚಿನಲ್ಲಿ ಈಗ ಮೂರನೆಯವಳು ಬಂದು ಕೂತಳು, ಏಳು ವರ್ಷದವಳು, ಅತ್ತೆಯ ಸುಳ್ಳು ನನಗೆ, ನನ್ನದು ಇವಳಿಗೆ, ಕಾಗದ ಬರುತ್ತದೆ, ಬರಲಿ, ಅದರ ಹಿಂದಿನ ಪೊಲೀಸ್ ವರದಿಯಲ್ಲಿ ಹೊಡೆಯಲ್ಲ ಎಂದೇ ಇರುತ್ತದೆ, ಮುದ್ರೆ ಒತ್ತಿ ಕೊಡುತ್ತಾರೆ, ಅದನ್ನೇ ಹಿಡಿದು ನಾನು ಯಾವ ಕೋರ್ಟಿನ ಮೆಟ್ಟಿಲು ಹತ್ತಲಿ? ಅಮ್ಮಾ, ಒಸಿ ಹೊರಗೆ ಬಾರಮ್ಮ ಎಂದರು ದಫೇದಾರರು, ದನಿ ಬದಲಾಗಿದೆ. ಅವರಿಗಿಂತ ಮುಂಚೆ ಚನ್ನೇಶ ಒಳಗೆ ಬಂದ, ಬಗ್ಗಿ ತುರುಬು ಹಿಡಿದು ತಿರುವಿದ, ಹಲ್ಲಿನ ಸಂದಿಯಲ್ಲಿ, ಹ್ಞೂಂ ಅಂತ ಅಷ್ಟೇ ಅನ್ಬೇಕು, ತಿಳೀತಾ, ಹೋದ. ತಲೆ ಉರಿಯುತ್ತಿದೆ. ಎದ್ದೆ. ಕೈ ತಾನಾಗಿ ಈಳಿಗೆಯ ಕಡೆ ಹೋಯಿತು, ಮಲಗಿಸಲು, ಅಷ್ಟು ವರ್ಷದ ಅಭ್ಯಾಸ, ಮಣೆಗೆ ತಗುಲಿತು, ಅಲ್ಲೇ ನಿಂತಿತು. ಬಿಟ್ಟೆ. ಬಾಗಿಲಿಗೆ ಎರಡು ಹೆಜ್ಜೆ, ಕತ್ತಲೆಯ ನೆಲ, ಅದರ ಮೇಲೆ ಅಲಗು ಮೇಲಕ್ಕೆ ನೋಡುತ್ತಿದೆ. ಅತ್ತೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಹೊರಗೆ ಬಿಸಿಲು, ಕಣ್ಣು ಕೋರೈಸುತ್ತದೆ, ರಕ್ಷಿತಾಳ ಕೈ ಹಿಡಿದುಕೊಂಡೆ, ಬೆವರಿದ ಪುಟ್ಟ ಕೈ, ಹೇಳಮ್ಮ, ಇದೇ ಮನೇಲಿ ಇದೀಯಾ ನೀನು? ಹ್ಞೂಂ ಎನ್ನಬೇಕು, ಹ್ಞೂಂ ಅಂದರೆ ದೇಶ ಸಿಗುತ್ತದೆ. ಇಲ್ಲ ಸಾರ್. ನನ್ನ ದನಿಯೇ. ಇಲ್ಲ, ಶಿಕಾರಿಪುರದಲ್ಲಿದೀನಿ, ಇವ್ರು ಹೊಡೀತಾರೆ, ಕೂಸನ್ನ ಬಿಟ್ಟು ಹೋಗಲ್ಲ, ನೀವು ಹೊರಡೋವಾಗ ನಾವೂ ಬರ್ತೀವಿ, ಬಸ್ ಸ್ಟ್ಯಾಂಡ್ ತನಕ. ಹಂಗೇ ಬರೀತೀನಮ್ಮ, ಆಮೇಲೆ ಮೇಲಿನೋರು ಏನ್ಮಾಡ್ತಾರೋ ನಂಗೊತ್ತಿಲ್ಲ. ಬರೀರಿ ಸಾರ್. ಚನ್ನೇಶನ ಮುಖ ಊದಿಕೊಂಡಿತು, ಕೈ ಎತ್ತಿದ, ಖಾಕಿ ನೋಡಿ ಇಳಿಸಿದ, ಹೋಗೇ, ನಿನ್ ಚೀಲ ಬೀದಿಗೆ ಎಸೀತೀನಿ, ದೇಶ ಇಲ್ದೋಳೇ, ನನ್ನನ್ನೇ ನೋಡುತ್ತ, ಬೈಯುತ್ತ, ಬರಿಗಾಲಲ್ಲಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಅಡುಗೆಮನೆಯ ಕಡೆಗೆ, ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ, ಸೊಟ್ಟ ಕೈಯಲ್ಲಿ ಸೆರಗು, ಈಳಿಗೆ ಇದೆ, ಕಾಲು ನೋಡು ಎಂದು ಹೇಳುತ್ತಾರೆ, ತಾಯಿಯಲ್ಲವೇ, ಹೇಳಿಯೇ ಹೇಳುತ್ತಾರೆ — ಅತ್ತೆ ಪಕ್ಕಕ್ಕೆ ಸರಿದು ಮಗನಿಗೆ ದಾರಿ ಬಿಟ್ಟರು, ನಾನಾದರೂ ಕೂಗಬೇಕು, ಬಾಯಿ ತೆರೆದಿದೆ, ಮಗಳ ಕಣ್ಣಿಗೆ ನನ್ನ ಇನ್ನೊಂದು ಕೈ ಅಡ್ಡ ಬಂದಿದೆ, ಒಳಗೆ ಕತ್ತಲೆ, ಮಣೆ, ಮಗೆಕಾಯಿಯ ಬೀಜ ಅಂಟಿದ ಅಲಗು, ಮಲಗಿಸಿಲ್ಲ, ಅಲಗು ನಿಂತಿದೆ, ನಿಂತಿದೆ