ಲೋ-ಕೀ ಮದುವೆ

ಟೈಲರಮ್ಮನ ಮಗಳು ಆಫೀಸಿಗೆ ಸೇರಿದ ಮೇಲೆ ಮನೆಗೆ ಹೊತ್ತು ತಂದ ಇಂಗ್ಲಿಷ್ ಮಾತುಗಳಲ್ಲಿ ಒಂದಕ್ಕೆ ಬಿಡುವೇ ಇರಲಿಲ್ಲ: ಲೋ-ಕೀ. ಕಿಟಕಿಯ ಪರದೆ ಲೋ-ಕೀ ಆಗಿರಬೇಕು. ಮ್ಯಾನೇಜರನ ಬೀಳ್ಕೊಡುಗೆ ಲೋ-ಕೀ ಆಗಿ ನಡೆಯಿತು. ಗೆಳತಿಯೊಬ್ಬಳು ಕೆಲಸ ಕಳೆದುಕೊಂಡದ್ದನ್ನೂ ಲೋ-ಕೀ ಆಗಿ ಇಟ್ಟಿದ್ದಳಂತೆ. ಟೈಲರಮ್ಮ ಮೊದಮೊದಲು ಅದು ಯಾವುದೋ ಅಗ್ಗದ ಬೀಗದ ಕೈ ಎಂದುಕೊಂಡಿದ್ದಳು.

ಮದುವೆಯ ಮಾತು ಎದ್ದಾಗ ಆ ಪದ ಅವಳ ಬಾಗಿಲಿಗೇ ಬಂದು ನಿಂತಿತು. ಮದುವೆ ಮಗಳದಲ್ಲ, ಮಗಳದು ಆಗಿಹೋಗಿತ್ತು. ಇದು ಟೈಲರಮ್ಮನದೇ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪಕ್ಕದಂಗಡಿಯ ವಾದ್ಯ ರಿಪೇರಿಯವನೂ ಒಂಟಿ. ಅಕಾರ್ಡಿಯನ್ನಿನ ಹರಿದ ತಿದಿಗೆ ಹೊಲಿಗೆ ಹಾಕಿಸಲು ಬಂದವನು, ತಿದಿ ಸರಿಹೋದ ಮೇಲೂ ಬರುವುದನ್ನು ಬಿಡಲಿಲ್ಲ.

"ಮಾಡ್ಕೋ ಅಮ್ಮ, ನಾನೇನೂ ಬೇಡ ಅನ್ನಲ್ಲ," ಎಂದಳು ಮಗಳು. "ಆದ್ರೆ ಲೋ-ಕೀ ಆಗಿರ್ಲಿ, ಸದ್ದುಗದ್ದಲ ಬೇಡ. ರಿಜಿಸ್ಟರ್ ಆಫೀಸಲ್ಲಿ ಸೈನ್ ಹಾಕಿ ಮನೆಗೆ ಬಂದ್ಬಿಡಿ."

ಟೈಲರಮ್ಮ ಒಪ್ಪಿದಳು. ಬೆರಳು ಕೊಟ್ಟರೆ ಹಸ್ತವನ್ನೇ ನುಂಗಿದಂತಾಯಿತು. ಫೋಟೊ ಬೇಡವೆಂದಾಯಿತು. ಹೊಸ ಬಟ್ಟೆ, ಅದರಲ್ಲೂ ಕೆಂಪು, ಬೇಡವೇ ಬೇಡ. ಬೀಗರಿಗೆ ಸಮಯ ನೋಡಿ ತಾನೇ ಹೇಳುತ್ತಾಳಂತೆ. ಕೊನೆಗೊಂದು ಸಂಜೆ ಅಂಗಡಿಗೇ ಬಂದು, ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ, "ಇಲ್ಲಿ ಹೊಲಿಯೋ ಹೆಂಗಸರಿಗೂ ಹೇಳ್ಬೇಡ. ಪಕ್ಕದಂಗಡಿಯವರು ಮನೇಲಿರೋದನ್ನ ಯಾರಾದ್ರೂ ಕೇಳಿದ್ರೆ ಬಾಡಿಗೆಗಿದ್ದಾರೆ ಅನ್ನು," ಎಂದಳು.

ಹೊಲಿಗೆ ಯಂತ್ರ ನಿಂತಿತು.

"ಕಟ್ಕೊಂಡ ಗಂಡನ್ನ ಬಾಡಿಗೆಯವನು ಅನ್ಲಾ? ನಾನೇನು ಕಳ್ಳತನ ಮಾಡ್ತಿದೀನೇನೇ?"

"ಲೋ-ಕೀ ಅಂದೆ ಅಮ್ಮ. ಕಳ್ಳತನ ಅಂದ್ನಾ?"

ಮಗಳು ಹೋದದ್ದೇ ಟೈಲರಮ್ಮ ಪಕ್ಕದಂಗಡಿಗೆ ನುಗ್ಗಿದಳು. ರಿಪೇರಿಯವನು ಕಹಳೆಯೊಂದನ್ನು ಒರೆಸುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡ.

"ಕೀ ಅಂದ್ರೆ ಶ್ರುತಿ. ದನಿ ಮೇಲಕ್ಕೆ ಏರದವರು ಶ್ರುತಿ ಇಳಿಸ್ಕೊಂಡು ಹಾಡ್ತಾರೆ. ಇಳಿಸಿದ್ರೂ ಹಾಡು ಪೂರ್ತಿ ಹಾಡ್ತಾರೆ. ನಿಮ್ಮ ಮಗಳು ಹಾಡೇ ಬೇಡ ಅಂತಿದಾಳೆ," ಎಂದು ನಕ್ಕ. "ಅವಳ ಮಾತಿರ್ಲಿ. ನಿಮಗೆ ಹೇಗೆ ಬೇಕು?"

"ನನ್ನ ದನಿಗೇನೂ ಆಗಿಲ್ಲ," ಎಂದಳು ಟೈಲರಮ್ಮ.

ಮರುದಿನ ಅವಳು ಯಂತ್ರವನ್ನು ಒಳಗಿನಿಂದ ಎಳೆದು ತಂದು ಬೀದಿ ಬಾಗಿಲಲ್ಲಿ ಹಾಕಿದಳು. ಕಣ್ಣು ಕುಕ್ಕುವ ಕೆಂಪು ರೇಷ್ಮೆಯನ್ನು ಹರವಿಕೊಂಡು ಕೂತಳು. ಹೋಗುವವರು ಬರುವವರು ನಿಂತು, "ಯಾರ ಮದುವೆಗೆ?" ಎಂದರು.

"ನಂದೇ. ಬನ್ನಿ."

ಒಬ್ಬಾಕೆ ಕೆನ್ನೆಗೆ ಕೈಯಿಟ್ಟುಕೊಂಡಳು. ಹೊಲಿಯುವ ಹೆಂಗಸರು ಮಾತ್ರ ಕೆಲಸ ಬಿಟ್ಟು ಕುಣಿದರು. ಮಧ್ಯಾಹ್ನ ಬೀಗಿತ್ತಿಗೂ ತಾನೇ ಫೋನ್ ಮಾಡಿದಳು. ಸುದ್ದಿ ಕೇಳಿದ್ದೇ ಆಕೆ ದನಿಯೇರಿಸಿದಳು.

"ಈ ವಯಸ್ಸಲ್ಲಾ?"

"ಕಾದ್ರೆ ಇನ್ನೂ ವಯಸ್ಸಾಗತ್ತಲ್ಲ ಬೀಗಿತ್ತಿ!"

ಸಂಜೆ ಮಗಳು ಬೆಂಕಿಯಾಗಿ ಬಂದಳು. "ಅತ್ತೆ ಮನೇಲಿ ನನ್ನ ಮರ್ಯಾದೆ ಏನಾಗ್ಬೇಕು?"

"ಅಮ್ಮ ಬಾಯಿ ಮುಚ್ಕೊಂಡಿದ್ರೆ ಮಾತ್ರ ನಿಲ್ಲೋ ಮರ್ಯಾದೆ ಬಿದ್ದೇ ಹೋಗ್ಲಿ ಬಿಡು," ಎಂದಳು ಟೈಲರಮ್ಮ. ಹೇಳುವಾಗ ಸೂಜಿ ಬೆರಳಿಗೆ ಚುಚ್ಚಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗಳು ಬಾಗಿಲು ಬಡಿದು ಹೊರಟುಹೋದಳು.

ಮದುವೆಯ ದಿನ ರಿಜಿಸ್ಟರ್ ಆಫೀಸಿನ ಮೊಗಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಿಪೇರಿಯವನ ಗಿರಾಕಿಗಳು ತಂತಮ್ಮ ವಾದ್ಯಗಳ ಸಮೇತ ಬಂದಿದ್ದರು. ಗುಮಾಸ್ತ ಹೊರಗೆ ಬಂದು, "ಇದೇನು ಸಂತೆನಾ? ನಿಶ್ಶಬ್ದ!" ಎಂದು ಗದರಿದ.

"ಸೈನ್ ಆಗೋವರೆಗೆ ಸುಮ್ನಿರ್ತಾರೆ ಸ್ವಾಮಿ. ಆಮೇಲಿಂದು ನನ್ನ ಕೈಲಿಲ್ಲ," ಎಂದಳು ಮದುಮಗಳು.

ಸೈನ್ ಆಯಿತು. ಮಗಳು ಒಳಗೆ ಬರಲಿಲ್ಲ. ಎಲ್ಲರೂ ವಾದ್ಯ ಬಾರಿಸುತ್ತ ಹೊರಬಿದ್ದಾಗ ಅವಳು ಗೇಟಿನ ಬಳಿ ಆಫೀಸಿನ ಬಟ್ಟೆಯಲ್ಲೇ ಮುಖ ಊದಿಸಿಕೊಂಡು ನಿಂತಿದ್ದಳು.

"ಊಟಕ್ಕೆ ಬರ್ತೀಯಾ?" ಎಂದಳು ತಾಯಿ.

"ನನಗಿನ್ನೂ ಕೋಪ ಇಳಿದಿಲ್ಲ."

"ಇಳೀದಿದ್ರೆ ಬೇಡ. ಕೋಪ ಮಾಡ್ಕೊಂಡೇ ಬಾ."

ಹೊಲಿಯುವ ಹೆಂಗಸರು ಟೈಲರಮ್ಮನನ್ನು ರಸ್ತೆಯ ಅಂಚಿಗೆ ಎಳೆದರು. ಅವಳು ಮಾತ್ರ ಗಂಡನ ಕೈ ಹಿಡಿದು ನಡುರಸ್ತೆಯಲ್ಲೇ ನಡೆದಳು, ಬಸ್ಸೊಂದು ಹಿಂದೆ ಹಾರ್ನ್ ಮಾಡುತ್ತ ತೆವಳಿತು. ಮಗಳು ತುಸು ದೂರ ಬಿಟ್ಟು, ಪರಿಚಯವಿಲ್ಲದವಳ ಹಾಗೆ, ಅದೇ ದಾರಿಯಲ್ಲಿ ಬರುತ್ತಿದ್ದಳು.